ಕಾಲೇಜಿನ ಅಂಗಳಕ್ಕೆ ಶೀಟ್ ಹೊದಿಸ್ತಾರಂತೆ. ಐಐಎಂ ಬೆಂಗಳೂರಿನ ಅಂಗಳ ನೋಡಿದವರು ಸ್ವಲ್ಪ ಮಾತು ಕೊಡಿ

ಹೊಂಗೆಮರ:
ನಮಸ್ಕಾರ ಎಲ್ಲರಿಗೂ. ನಾನು ಒಂದು ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಊರು, ಕಾಲೇಜು ಎರಡರ ಹೆಸರೂ ಕೇಳಬೇಡಿ, ನನಗೆ ಕೆಲಸ ಬೇಕು.

ನಮ್ಮ ಕಟ್ಟಡ 80ರ ದಶಕದ ಕೊನೆಯದ್ದು. ನಡುವೆ ದೊಡ್ಡ ಅಂಗಳ. ಸುತ್ತ ಗಾರೆ ಮೆತ್ತದ ಸೈಜ್ ಕಲ್ಲಿನ ಗೋಡೆ. ಪಶ್ಚಿಮಕ್ಕೆ ಅಗಲವಾದ ಕಲ್ಲಿನ ಮೆಟ್ಟಿಲು, ಅದರ ಮೇಲೆ ಕಾಂಕ್ರೀಟ್ ತೊಲೆಗಳ ಪರ್ಗೋಲಾ, ಅಂದ್ರೆ ಮೇಲೆ ಮುಚ್ಚಿಗೆ ಇಲ್ಲದ ಚಪ್ಪರ. ಮೂಲೆಯಲ್ಲಿ ಎರಡು ಹೊಂಗೆ. ನೆಲಕ್ಕೆ ಅರ್ಧ ಚಪ್ಪಡಿ, ಅರ್ಧ ಬರೀ ಮಣ್ಣು. ಅಷ್ಟೇ. ಹೂವಿನ ಪಾತಿ ಇಲ್ಲ, ಕಾರಂಜಿ ಇಲ್ಲ, ಪ್ರತಿಮೆ ಕೂಡ ಇಲ್ಲ.

ಈಗ ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವುದಿದೆ. ಅದಕ್ಕೊಂದು ಸೌಂದರ್ಯೀಕರಣ ಸಮಿತಿ. ಚಿಕ್ಕವನು, ಓಡಾಡಕ್ಕೆ ಬೇಕಾಗ್ತಾನೆ ಅಂತ ನನ್ನನ್ನೂ ಸೇರಿಸಿದ್ದಾರೆ. ಅವರ ಪ್ಲಾನು ಹೀಗಿದೆ: ಪರ್ಗೋಲಾ ಮೇಲೆ ಪಾಲಿಕಾರ್ಬೊನೇಟ್ ಶೀಟ್, ನೆಲಕ್ಕೆಲ್ಲ ಇಂಟರ್‌ಲಾಕ್, ನಡುವೆ ಕಾರಂಜಿ, ಸುತ್ತ ಕೊರಿಯನ್ ಹುಲ್ಲು. ಮತ್ತೆ ಕಲ್ಲಿನ ಗೋಡೆಗೆ ತಿಳಿ ಹಳದಿ ಪೇಂಟ್. ಕಲ್ಲಿಗೆ ಪೇಂಟ್!

ಹಿಂದೊಮ್ಮೆ ಒಂದು ತರಬೇತಿಗೆ ಐಐಎಂ ಬೆಂಗಳೂರಿಗೆ ಹೋಗಿದ್ದೆ. ಅಲ್ಲಿನ ಕಲ್ಲಿನ ಗೋಡೆ, ತಲೆ ಮೇಲಿನ ತೊಲೆಗಳು, ಒಂದಾದ ಮೇಲೊಂದು ಅಂಗಳ ನೋಡಿದಾಗ ನಮ್ಮ ಕಾಲೇಜು ಕಟ್ಟಿದವರು ಇದನ್ನೇ ನೋಡಿ ಕಟ್ಟಿರಬೇಕು ಅನ್ನಿಸಿತು. ನನ್ನ ಪ್ರಶ್ನೆ ಇಷ್ಟೇ. ಅಲ್ಲಿನ ಅಂಗಳಗಳನ್ನು ಬೇಕಂತಲೇ ಹಾಗೆ ಬಿಟ್ಟಿದ್ದಾ, ಅಥವಾ ದುಡ್ಡು ಸಾಲದೆ ಬಿಟ್ಟಿದ್ದಾ? ಬೇಕಂತಲೇ ಅಂದ್ರೆ ಯಾಕೆ? "ಚೆನ್ನಾಗಿದೆ ಸಾರ್, ಹಾಗೇ ಇರಲಿ" ಅಂದ್ರೆ ಸಮಿತಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲ್ಲ.

ಡ್ರಾಯಿಂಗ್‌ಶೀಟ್:
ಬೇಕಂತಲೇ. ಅದರಲ್ಲಿ ಅನುಮಾನ ಬೇಡ.

ಅದು ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಅವರ ಕೆಲಸ. ವಿನ್ಯಾಸ ಶುರುವಾಗಿದ್ದು 1977ರಲ್ಲಿ, ಕೆಲಸ ಹಂತ ಹಂತವಾಗಿ 1992ರವರೆಗೂ ನಡೆಯಿತು. ಆಗ ಸ್ಟೈನ್, ದೋಶಿ, ಭಲ್ಲಾ ಮೂವರೂ ಸೇರಿ ಕಚೇರಿ ನಡೆಸುತ್ತಿದ್ದರು. ದೋಶಿ ಪ್ಯಾರಿಸ್‌ನಲ್ಲಿ ಲ ಕಾರ್ಬೂಸಿಯೇ ಕೈಕೆಳಗೆ ಪಳಗಿದವರು, ಆಮೇಲೆ ಅಹಮದಾಬಾದ್ ಐಐಎಂ ಕಟ್ಟುವಾಗ ಲೂಯಿ ಕಾನ್ ಜೊತೆಗಿದ್ದವರು. 2018ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತು, ಭಾರತಕ್ಕೆ ಅದೇ ಮೊದಲನೆಯದು.

ಇಂಥ ಇಬ್ಬರು ಗುರುಗಳ ಹತ್ತಿರ ಕಲಿತವರು ಬೆಂಗಳೂರಿಗೆ ಬಂದು ನೆನಪು ಮಾಡಿಕೊಂಡಿದ್ದು ಮಾತ್ರ ಫತೇಪುರ್ ಸಿಕ್ರಿಯನ್ನ. ಅಲ್ಲಿ ಒಂದೇ ದೊಡ್ಡ ಕಟ್ಟಡ ಅಂತ ಇಲ್ಲ. ಒಂದು ಅಂಗಳ ದಾಟಿದರೆ ಮೊಗಸಾಲೆ, ಮೊಗಸಾಲೆ ದಾಟಿದರೆ ಇನ್ನೊಂದು ಅಂಗಳ. ನಮ್ಮ ಕಡೆಯ ದೊಡ್ಡ ದೇವಸ್ಥಾನಗಳ ಪ್ರಾಕಾರದಲ್ಲಿ ನಡೆದಾಡಿದವರಿಗೂ ಇದು ಹೊಸದಲ್ಲ. ಮಾಡರ್ನ್ ಆಗಿದ್ದು ಎಲ್ಲಿ ಅಂದ್ರೆ, ಅಲಂಕಾರ ಪೂರ್ತಿ ಬಿಟ್ಟಿದ್ದರಲ್ಲಿ. ಕಲ್ಲು ಕಲ್ಲಾಗಿಯೇ ಕಾಣುತ್ತದೆ, ಕಾಂಕ್ರೀಟು ಕಾಂಕ್ರೀಟಾಗಿಯೇ. ಬಣ್ಣ ಬರುವುದು ಗಿಡದಿಂದ, ಬಿಸಿಲಿನಿಂದ.

ಕಾರಿಡಾರ್‌ಗಳನ್ನ ಸರಿಯಾಗಿ ನೋಡಿದ್ರಾ? ಒಂದು ಕಡೆ ಪೂರ್ತಿ ಛಾವಣಿ. ನಾಲ್ಕು ಹೆಜ್ಜೆ ಮುಂದೆ ಬರೀ ತೊಲೆಗಳು. ಇನ್ನೊಂದು ಕಡೆ ಮೇಲಿನಿಂದ ಬೆಳಕು. ಕೆಲವು ಮೂರು ಮಹಡಿ ಎತ್ತರ ಇವೆ. ಅಗಲವೂ ಒಂದೇ ಸಮ ಇಲ್ಲ. ದೋಶಿ ಅದನ್ನ ಬೇಕಂತಲೇ ಹಿಗ್ಗಿಸಿ ಕುಗ್ಗಿಸಿದ್ದಾರೆ. ಹಿಗ್ಗಿದ ಕಡೆ ಕೂರಬಹುದು, ತರಗತಿಯಲ್ಲಿ ಅರ್ಧಕ್ಕೆ ನಿಂತ ಜಗಳವನ್ನ ಅಲ್ಲಿ ಮುಂದುವರಿಸಬಹುದು. ಅಲ್ಲಿ ಕಟ್ಟಡ ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಕ್ಕೆ ಆಗಲ್ಲ. ಪ್ರಿಟ್ಜ್‌ಕರ್ ಕೊಟ್ಟವರು ಹೊಗಳಿದ್ದೂ ಅದನ್ನೇ, ಇಲ್ಲಿ ಒಂದೇ ಸಲಕ್ಕೆ ಒಳಗೂ ಇರ್ತೀರಿ ಹೊರಗೂ ಇರ್ತೀರಿ ಅಂತ.

ಸಮಿತಿಗೆ ಇದೊಂದು ಮಾತು ಹೇಳಿ. ಪರ್ಗೋಲಾ ಅನ್ನೋದು ದುಡ್ಡು ಸಾಲದೆ ಅರ್ಧಕ್ಕೆ ನಿಂತ ಛಾವಣಿ ಅಲ್ಲ.

ಬನ್ನೇರುಘಟ್ಟರೋಡ್:
ಆ '3 ಈಡಿಯಟ್ಸ್' ಹಿಂದಿ ಸಿನಿಮಾದಲ್ಲಿ ಎಂಜಿನಿಯರಿಂಗ್ ಕಾಲೇಜು ಅಂತ ತೋರಿಸಿದ್ದು ಇದೇ ತಾನೆ?

ಡ್ರಾಯಿಂಗ್‌ಶೀಟ್:
ಇದೇ. ನಮ್ಮ ಆರ್ಕಿಟೆಕ್ಚರ್ ಹುಡುಗರು ದೋಶಿ ಹೆಸರು ಕೇಳುವುದಕ್ಕೆ ಮೊದಲೇ ಆ ಮೆಟ್ಟಿಲುಗಳನ್ನ ನೋಡಿರ್ತಾರೆ.

ಲೆಕ್ಕದಪುಸ್ತಕ:
ನಾನು ಬೇರೆ ರಾಗ ಹಾಡ್ತೀನಿ, ಬೈಬೇಡಿ.

ಈ ಬೂದು ಕಲ್ಲು, ಬೂದು ಕಾಂಕ್ರೀಟ್ ನೋಡಿ ಆರ್ಕಿಟೆಕ್ಟ್‌ಗಳು ಮಾತ್ರ ಕಣ್ಣರಳಿಸ್ತಾರೆ. ಜುಲೈನಲ್ಲಿ ವಾರಗಟ್ಟಲೆ ಮೋಡ ಕವಿದಾಗ ಅಲ್ಲಿ ನಡೆದಾಡಿ ನೋಡಿ, ಮನಸ್ಸೇ ಮಂಕಾಗ್ತದೆ. ಐಐಎಂಗೆ 100 ಎಕರೆ ಜಾಗ ಇದೆ, ಮಾಲಿಗಳಿದ್ದಾರೆ, ದುಡ್ಡಿದೆ. ಇವರ ಕಾಲೇಜಿಗೆ ಏನಿದೆ? ಖಾಲಿ ಜಾಗ ಅಂತ ಬಿಟ್ಟರೆ ನಮ್ಮಲ್ಲಿ ಏನಾಗ್ತದೆ ಗೊತ್ತಲ್ಲ. ಮೊದಲು ಬೈಕು ಬರ್ತವೆ, ಆಮೇಲೆ ಮುರಿದ ಬೆಂಚು, ಆಮೇಲೆ ಜನರೇಟರ್. ಶೀಟ್ ಹಾಕಿದರೆ ಮಳೆಗಾಲದಲ್ಲೂ ಒಂದು ಕಾರ್ಯಕ್ರಮ ಮಾಡಬಹುದು. ಅಂಗಳ ಉಳಿಸಿ ಅನ್ನುವವರು ಯಾರೂ ಮಳೆಯಲ್ಲಿ ಶಾಮಿಯಾನ ಹಿಡ್ಕೊಂಡು ನಿಂತವರಲ್ಲ.

ಹೊಂಗೆಮರ:
ಮುರಿದ ಬೆಂಚು ಆಗಲೇ ಬಂದು ಕೂತಿವೆ ಸಾರ್. 😀

ಗಾರೆಕರಣೆ:
ನಾನು ಕಂಟ್ರಾಕ್ಟ್ ಕೆಲಸ ಮಾಡುವವನು. ದೋಶಿ ಗೀಶಿ ನನಗೆ ಗೊತ್ತಿಲ್ಲ, ಕೆಲಸದ ಲೆಕ್ಕ ಹೇಳ್ತೀನಿ.

ಮೊದಲನೇದು ಪೇಂಟ್. ದಮ್ಮಯ್ಯ ಅಂತೀನಿ, ಕಲ್ಲಿಗೆ ಪೇಂಟ್ ಹೊಡೆಸಬೇಡಿ. ಸೈಜ್ ಕಲ್ಲಿನ ಗೋಡೆ ಸಂದಿಯಲ್ಲಿ ಸದಾ ತೇವ ಓಡಾಡ್ತಾ ಇರ್ತದೆ. ಮೇಲೆ ಪೇಂಟ್ ಬಳಿದರೆ ಆ ತೇವಕ್ಕೆ ದಾರಿ ಇಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದು ಸಿಪ್ಪೆ ಸುಲಿಯಕ್ಕೆ ಶುರು. ಆಮೇಲೆ ಬೇಡ ಅಂದ್ರೂ ತೆಗೆಯೋದು ಸುಲಭ ಅಲ್ಲ. ಉರುಟು ಮುಖದ ಕಲ್ಲು, ಚಾಣದ ಗುರುತುಗಳ ಒಳಗೆಲ್ಲ ಬಣ್ಣ ಕೂತಿರ್ತದೆ. ಕೆಮಿಕಲ್ ಹಾಕಬೇಕು, ಇಲ್ಲಾ ಮರಳು ಹೊಡೆಸಬೇಕು. ಎರಡಕ್ಕೂ ಪೇಂಟ್‌ಗಿಂತ ಜಾಸ್ತಿ ಖರ್ಚು. ಒಂದು ಸಲ ಬಳಿದರೆ ಮತ್ತೆ ಮತ್ತೆ ಬಳಿಯುತ್ತಲೇ ಇರಬೇಕು. ಪೇಂಟ್ ಕಂಟ್ರಾಕ್ಟರ್‌ಗೆ ಅದೇ ಬೇಕು.

ಎರಡನೇದು ಪಾಲಿಕಾರ್ಬೊನೇಟ್. ಹೊಸದರಲ್ಲಿ ಚೆಂದ. ಬಿಸಿಲಿಗೆ ಕೆಲವೇ ವರ್ಷದಲ್ಲಿ ಹಳದಿಗೆ ತಿರುಗ್ತದೆ. ಅಡಿಯಲ್ಲಿ ಬಿಸಿ ಗಾಳಿ ನಿಲ್ತದೆ. ಹೊಂಗೆ ಎಲೆ ಎಲ್ಲ ಅದರ ಮೇಲೆ ಬಿದ್ದು ಕೊಳೆತು ಕಪ್ಪಗಾಗ್ತದೆ, ಗುಡಿಸಕ್ಕೆ ಮೇಲೆ ಯಾರು ಹತ್ತುತ್ತಾರೆ? ಮಳೆ ಬಂದ್ರೆ ಪಕ್ಕದ ಕ್ಲಾಸಲ್ಲಿ ಮೇಷ್ಟ್ರ ಮಾತು ಕೇಳಲ್ಲ. ಇನ್ನೊಂದು, ಆ ತೊಲೆಗಳನ್ನ ಅವತ್ತು ಶೀಟ್ ಹೊರಲಿ ಅಂತ ಲೆಕ್ಕ ಹಾಕಿ ಕಟ್ಟಿರಲ್ಲ. ಶೀಟಿನ ಭಾರ ದೊಡ್ಡದಲ್ಲ, ಗಾಳಿ ಎತ್ತುವ ರಭಸ ದೊಡ್ಡದು. ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಒಂದು ಬೋಲ್ಟೂ ಕೂರಿಸಬೇಡಿ.

ಮೂರನೇದು, ಹೊಂಗೆ ಬುಡದವರೆಗೆ ಇಂಟರ್‌ಲಾಕ್ ಹಾಕಿದರೆ ಮರಕ್ಕೆ ನೀರೂ ಇಲ್ಲ, ಉಸಿರೂ ಇಲ್ಲ. ಹಾಕಲೇಬೇಕು ಅಂದ್ರೆ ಬುಡದ ಸುತ್ತ ಕನಿಷ್ಠ ನಾಲ್ಕೈದು ಅಡಿ ಮಣ್ಣು ಬಿಡಿ.

ಕಲ್ಲಿನ ಸಂದಿಯಲ್ಲಿ ಅರಳಿ ಸಸಿ ಹುಟ್ಟಿದೆಯಾ ಅಂತಲೂ ನೋಡಿ. ಬೆರಳುದ್ದ ಇರುವಾಗಲೇ ಬೇರು ಸಮೇತ ಕೀಳಬೇಕು. ಬಳ್ಳಿ ಅಲ್ಲ ಗೋಡೆಗೆ ಶತ್ರು, ಅರಳಿ.

ಬನ್ನೇರುಘಟ್ಟರೋಡ್:
ಅರಳಿ ಸಸಿ ಕೀಳಕ್ಕೆ ಯಾರೂ ಒಪ್ಪಲ್ಲ, ಅದು ಬೇರೆ ಕಥೆ.

ಕುಡ್ಲದಮಳೆ:
ಎಲ್ಲರೂ ಬೆಂಗಳೂರಿನ ಹವೆ ಇಟ್ಕೊಂಡು ಮಾತಾಡ್ತಿದ್ದೀರಿ. ನಮ್ಮ ಮಂಗಳೂರಲ್ಲಿ ಇಂಥ ಅಂಗಳ ಬಿಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಡಿ ಮೇಲೆ ಪಾಚಿ, ಪಾಚಿ ಮೇಲೆ ಮಕ್ಕಳು, ಮಕ್ಕಳ ಕೈಗೆ ಬ್ಯಾಂಡೇಜ್. ದೋಶಿ ಅವರ ಪರ್ಗೋಲಾ ಬೆಂಗಳೂರಿಗೆ ಸರಿ. 900 ಮೀಟರ್ ಎತ್ತರದ ಊರು, ಬೇಸಿಗೆಯಲ್ಲೂ ನೆರಳಿಗೆ ಹೋದರೆ ತಂಪು. ಎಲ್ಲ ಕಡೆಗೂ ಅದೇ ಮದ್ದು ಅಂದ್ರೆ ಆಗಲ್ಲ.

ತೊಟ್ಟಿಮನೆ:
ಕುಡ್ಲದಮಳೆ ಅವರೇ, ಮಳೆ ಬೀಳುವ ಊರಲ್ಲಿ ಅಂಗಳ ಇರಬಾರದು ಅಂತ ಯಾರು ಹೇಳಿದ್ದು? ನಿಮ್ಮ ಗುತ್ತಿನ ಮನೆಗಳಲ್ಲಿ ನಡುವೆ ಅಂಗಳ ಇಲ್ವಾ? ನಮ್ಮ ಮಲೆನಾಡಿನ ಮನೆಗಳಲ್ಲಿ ಇಲ್ವಾ? ಅಲ್ಲಿ ಮಾಡಿದ ಉಪಾಯ ಏನಂದ್ರೆ, ಸೂರನ್ನು ಚೆನ್ನಾಗಿ ಮುಂದಕ್ಕೆ ಇಳಿಸಿ, ಜಗುಲಿಯನ್ನು ಎತ್ತರ ಮಾಡಿ, ಅಂಗಳದ ನೀರು ನಿಲ್ಲದ ಹಾಗೆ ಚರಂಡಿ ಮಾಡಿದರು. ಮಳೆ ನಡುವೆ ಸುರಿಯಲಿ, ಜನ ಸುತ್ತ ಓಡಾಡಲಿ. ನಮ್ಮ ಅಜ್ಜಿ ಮನೆಯಲ್ಲಿ ಆಷಾಢದ ಮಳೆ ಹೊಡೆಯುವಾಗಲೂ ಜಗುಲಿಯ ಒಳಗೋಡೆ ಒಣಗೇ ಇರುತ್ತಿತ್ತು.

ಇವರ ಕಾಲೇಜಿನಲ್ಲೂ ಸುತ್ತ ಕಾರಿಡಾರ್ ಇದ್ದೇ ಇರುತ್ತದೆ. ಅಂಗಳ ಮುಚ್ಚುವ ಬದಲು ಅದನ್ನ ಸರಿ ಮಾಡಿಸಲಿ.

ಕುಡ್ಲದಮಳೆ:
ಗುತ್ತಿನ ಮನೆಯಲ್ಲಿ ಅಂಗಳ ತೊಳೆಯಕ್ಕೆ ಒಂದು ಊರಿನಷ್ಟು ಜನ ಇರುತ್ತಿದ್ದರು. ಕಾಲೇಜಲ್ಲಿ ಯಾರಿದ್ದಾರೆ?

ದೂರದಬೆಟ್ಟ:
ಇಲ್ಲಿ ಸ್ಯಾನ್ ಡಿಯಾಗೊದಲ್ಲಿ ಇರುವವನು ನಾನು. ಹತ್ತಿರದಲ್ಲೇ ಲಾ ಹೋಯಾದಲ್ಲಿ ಸಾಲ್ಕ್ ಇನ್‌ಸ್ಟಿಟ್ಯೂಟ್ ಇದೆ, ಪೋಲಿಯೋ ಲಸಿಕೆಯ ಜೋನಾಸ್ ಸಾಲ್ಕ್ ಕಟ್ಟಿಸಿದ್ದು. ಖಾಲಿ ಅಂಗಳದ ಮಾತು ಬಂದರೆ ಅದನ್ನು ಹೇಳದೆ ಇರಕ್ಕಾಗಲ್ಲ.

ಎರಡು ಸಾಲು ಪ್ರಯೋಗಾಲಯದ ಕಟ್ಟಡಗಳು, ನಡುವೆ ಅಂಗಳ. ಮರ ಇಲ್ಲ, ಹುಲ್ಲಿಲ್ಲ, ಕುಂಡ ಇಲ್ಲ. ನೆಲಕ್ಕೆ ಪೂರ್ತಿ ಟ್ರಾವರ್ಟಿನ್ ಕಲ್ಲು. ನಡುವೆ ಒಂದು ಸಣ್ಣ ನೀರಿನ ಕಾಲುವೆ, ಸುಮ್ನೆ ದಾಟಿ ಹೋಗುವಷ್ಟು ಕಿರಿದು, ಪಶ್ಚಿಮಕ್ಕೆ ಸಮುದ್ರದ ಕಡೆ ನೇರ ಹರಿಯುತ್ತದೆ. ಅಂಗಳದ ಆ ತುದಿಗೆ ಗೋಡೆ ಇಲ್ಲ, ಪೆಸಿಫಿಕ್ಕೇ ಗೋಡೆ. ಮೊದಲ ಸಲ ಹೋದಾಗ ಇಷ್ಟೇನಾ ಅನ್ನಿಸಿತ್ತು. ಸಂಜೆ ಹೊತ್ತಿಗೆ ಮತ್ತೆ ಹೋದೆ. ಬಿಸಿಲು ಇಳಿಯುತ್ತಾ ಬಂದ ಹಾಗೆ ಕಲ್ಲಿನ ಬಣ್ಣ ಬದಲಾಗುತ್ತಾ ಹೋಗುತ್ತದೆ, ಕಾಲುವೆಯ ನೀರು ಮಾತ್ರ ಬೆಳ್ಳಗೆ ಉಳಿಯುತ್ತದೆ.

ಮಧ್ಯಾಹ್ನ ಮಾತ್ರ ಅಲ್ಲಿ ಕೂರಕ್ಕಾಗಲ್ಲ. ಕಣ್ಣು ಕೋರೈಸ್ತದೆ. ಅದನ್ನೂ ಹೇಳಬೇಕು.

ಸುಮ್ನೆಓದುವವ:
ಅದನ್ನ ಮಾಡಿದ್ದು ಮೆಕ್ಸಿಕೋದ ಲೂಯಿಸ್ ಬರಾಗಾನ್ ಅಲ್ವಾ? ಎಲ್ಲೋ ಓದಿದ ನೆನಪು.

ಡ್ರಾಯಿಂಗ್‌ಶೀಟ್:
ಕಟ್ಟಡ ಲೂಯಿ ಕಾನ್ ಅವರದ್ದು, 1965ಕ್ಕೆ ಮುಗಿಯಿತು. ನಡುವಿನ ಅಂಗಳದಲ್ಲಿ ಮರ ನೆಡಬೇಕು ಅಂತ ಕಾನ್ ಮನಸ್ಸಲ್ಲಿತ್ತು. ಏನು ಮಾಡೋದು ಅಂತ ಬರಾಗಾನ್ ಅವರನ್ನ ಕರೆಸಿ ಕೇಳಿದರು. ಒಂದು ಎಲೆಯೂ ಬೇಡ, ಇದು ಕಲ್ಲಿನ ಅಂಗಳವಾಗಲಿ, ಆಗ ಆಕಾಶವೇ ಇದರ ಇನ್ನೊಂದು ಮುಖ ಆಗ್ತದೆ ಅಂತ ಬರಾಗಾನ್ ಹೇಳಿದ್ದು. ಕಾನ್ ಒಪ್ಪಿದರು, ಸಾಲ್ಕ್ ಕೂಡ ಒಪ್ಪಿದರು. ಸಲಹೆ ಬರಾಗಾನ್ ಅವರದ್ದು, ವಿನ್ಯಾಸ ಕಾನ್ ಅವರದ್ದು.

ನೋಡಿ, ಇಬ್ಬರು ಘಟಾನುಘಟಿಗಳು ನಿಂತು ಚರ್ಚೆ ಮಾಡಿದ್ದು ಏನು ಹಾಕಬಾರದು ಅಂತ. ನಮ್ಮ ಸಮಿತಿಗಳಲ್ಲಿ ಆ ಪ್ರಶ್ನೆ ಅಜೆಂಡಾದಲ್ಲೇ ಇರಲ್ಲ.

ಲೆಕ್ಕದಪುಸ್ತಕ:
ಸಮುದ್ರ ಎದುರಿಗಿದ್ದರೆ ನಾನೂ ಏನೂ ಹಾಕಲ್ಲ. ಇವರ ಅಂಗಳದ ಆ ತುದಿಗೆ ಏನಿದೆ? ಸೈಕಲ್ ಸ್ಟ್ಯಾಂಡ್.

ದೂರದಬೆಟ್ಟ:
ಹ್ಹಹ್ಹ, ಒಪ್ಪಿದೆ. ಆದರೆ ಇಲ್ಲೂ ಜಗಳ ಇಲ್ಲದೆ ಇಲ್ಲ. ಪೂರ್ವದ ಕಡೆ ನೀಲಗಿರಿ ತೋಪು ಇತ್ತು. ಅದರ ನೆರಳಿನಿಂದ ಹೊರಬಂದು ತಟ್ಟನೆ ಈ ಬಯಲು ಅಂಗಳ ಕಾಣುತ್ತಿತ್ತಂತೆ. 1990ರ ದಶಕದಲ್ಲಿ ಆ ಜಾಗದಲ್ಲಿ ಹೊಸ ಕಟ್ಟಡ ಎಬ್ಬಿಸಿದರು. ಅವತ್ತು ಆರ್ಕಿಟೆಕ್ಟ್‌ಗಳು ದೊಡ್ಡ ಗಲಾಟೆಯನ್ನೇ ಮಾಡಿದ್ದರು.

ಲಾಲ್‌ಬಾಗ್‌ವಾಕರ್:
ಎಲ್ಲ ದೋಶಿ ದೋಶಿ ಅಂತಿದ್ದೀರಿ. ಬೆಂಗಳೂರಿನ ಕ್ಯಾಂಪಸ್‌ಗೆ ಮಾಡರ್ನ್ ಕಟ್ಟಡ ಬಂದಿದ್ದು ಅದಕ್ಕೂ ಎಷ್ಟೋ ಮೊದಲು. ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಬಂದ ಆಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿ ಆದರು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಈಗಿನ ಐಐಎಸ್‌ಸಿ) ಅವರು ಮಾಡಿದ ಕಟ್ಟಡಗಳು ಈಗಲೂ ಇವೆ. ಗಾಳಿ ಹೇಗೆ ಬರ್ತದೆ, ಬಿಸಿಲು ಎಲ್ಲಿಂದ ಬೀಳ್ತದೆ ಅಂತ ಲೆಕ್ಕ ಹಾಕಿ, ಉದ್ದಕ್ಕೆ ಚಾಚಿದ ಕಟ್ಟಡ, ಮುಂದಕ್ಕೆ ಚಾಚಿದ ಸಜ್ಜಾ. ಸುತ್ತ ಮರಗಳು ಬೆಳೆದು ಈಗ ಕಟ್ಟಡವನ್ನ ಹುಡುಕಬೇಕು.

ಅವರಿಗೂ ಮೊದಲು ಲಾಲ್‌ಬಾಗಿನ ಕ್ರುಂಬಿಗಲ್. ವರ್ಷದ ಯಾವ ತಿಂಗಳಲ್ಲಾದರೂ ಊರಲ್ಲಿ ಯಾವುದಾದರೂ ಒಂದು ಜಾತಿಯ ಮರ ಹೂ ಬಿಟ್ಟಿರಬೇಕು ಅಂತ ಸರದಿ ನೋಡಿ ಬೀದಿ ಮರ ನೆಡಿಸಿದ ಪುಣ್ಯಾತ್ಮ. ಅದು ತೋಟಗಾರಿಕೆ ಅಂದ್ರೆ. ಬೋಳು ಕಲ್ಲು ತೋರಿಸಿ ಇದೇ ತೋಟ ಅಂದ್ರೆ ನನ್ನ ಹಳೇ ತಲೆಗೆ ಹತ್ತಲ್ಲ ಕಣ್ರೀ.

ಡ್ರಾಯಿಂಗ್‌ಶೀಟ್:
ಸಾರ್, ಐಐಎಂ ಬೋಳಾಗಿಲ್ಲ. 80ರ ದಶಕದ ಫೋಟೋ ನೋಡಿ ಹೇಳ್ತಿದ್ದೀರಿ ಅನ್ಸುತ್ತೆ. ಈಗ ಹೋಗಿ ನೋಡಿ, ಪರ್ಗೋಲಾದಿಂದ ಬಳ್ಳಿ ಇಳಿಬಿದ್ದಿದೆ, ಮರಗಳು ಮೂರನೇ ಮಹಡಿ ದಾಟಿವೆ. ಕ್ರುಂಬಿಗಲ್ ಬೀದಿಗೆ ಹೂ ಕೊಟ್ಟರು, ಇಲ್ಲಿ ನೆರಳಿಗೆ ಜಾಗ ಕೊಟ್ಟಿದ್ದಾರೆ. ತೊಲೆಯ ನೆರಳು ಬೆಳಿಗ್ಗೆ ಗೋಡೆ ಮೇಲೆ ಪಟ್ಟಿ ಪಟ್ಟಿಯಾಗಿ ಬಿದ್ದಿರ್ತದೆ, ಹೊತ್ತು ಏರಿದ ಹಾಗೆ ಗೋಡೆಯಿಂದ ಇಳಿದು ನೆಲಕ್ಕೆ ಬರ್ತದೆ. ಅದೇ ಅಲ್ಲಿನ ಅಲಂಕಾರ. ಶೀಟ್ ಹಾಕಿದ ದಿನ ಅದು ಸತ್ತಂತೆ.

ಪೇಡಾನಗರಿ:
ಬೆಂಗಳೂರು ಬಿಟ್ಟು ಬೇರೆ ಊರುಗಳೂ ಅದಾವ್ರೀ! ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕೆ ಯಾರಾದರೂ ಹೋಗಿದ್ದೀರಾ? ಅಲ್ಲೂ ಕಲ್ಲಿನ ಕಟ್ಟಡ, ಸುತ್ತ ಆ ಬಂಡೆಗಳು. ಬಳ್ಳಾರಿ ಕಡೆ ಬಿಸಿಲಿಗೆ ಕಲ್ಲು ಕಾದರೆ ಸಂಜೆ ಏಳರವರೆಗೂ ಬೆನ್ನು ಆನಿಸಕ್ಕಾಗಲ್ಲ. ಕಲ್ಲಿನ ಅಂಗಳದಲ್ಲಿ ಮರ ಇಲ್ಲದಿದ್ದರೆ ಅದು ಕಾವಲಿನೇ. ಇವರ ಅಂಗಳ ಉಳಿಸೋದು ಆ ಎರಡು ಹೊಂಗೆ. ಹೊಂಗೆ ನೆರಳು, ಹೆತ್ತವ್ವನ ಮಡಿಲು ಅಂತ ಸುಮ್ಮನೆ ಹೇಳಿಲ್ಲ.

ಗಾಲಿಕುರ್ಚಿ:
ಇಷ್ಟೊತ್ತಿನಿಂದ ಓದ್ತಾ ಇದ್ದೇನೆ. ಒಬ್ಬರಾದರೂ ಈ ವಿಷಯ ಎತ್ತುತ್ತಾರಾ ಅಂತ ಕಾಯ್ತಿದ್ದೆ. ಎತ್ತಲಿಲ್ಲ.

ನಾನು ಗಾಲಿಕುರ್ಚಿಯಲ್ಲಿ ಓಡಾಡುವವಳು. ಓದಿದ್ದು ಇಂಥದೇ ಒಂದು ಕಲ್ಲಿನ ಕಾಲೇಜಿನಲ್ಲಿ. ಉರುಟು ಚಪ್ಪಡಿಯ ಸಂದಿಗಳಲ್ಲಿ ಮುಂದಿನ ಚಿಕ್ಕ ಚಕ್ರ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ಯಾರಾದರೂ ಎತ್ತಬೇಕು. ಆ ಚೆಂದದ ಅಗಲವಾದ ಮೆಟ್ಟಿಲುಗಳ ಮೇಲೆ ಎಲ್ಲರೂ ಕೂತು ಟೀ ಕುಡಿಯುತ್ತಿದ್ದರು, ನಾನು ಕೆಳಗೆ. ಒಂದೊಂದು ಅಂಗಳವೂ ಬೇರೆ ಬೇರೆ ಮಟ್ಟದಲ್ಲಿ ಇರುವುದನ್ನು ನೀವೆಲ್ಲ ಸೊಗಸು ಅಂತೀರಿ. ನನಗೆ ಅದು ಸುತ್ತು ದಾರಿ.

ಅದಕ್ಕೇ ಅಂಗಳ ಮುಚ್ಚಿ ಅಂತ ಹೇಳ್ತಿಲ್ಲ. ಮುಟ್ಟಲೇಬಾರದು ಅನ್ನುವವರ ಹತ್ತಿರವೂ ನನಗೆ ಜಗಳ ಇದೆ.

ಡ್ರಾಯಿಂಗ್‌ಶೀಟ್:
ನ್ಯಾಯವಾದ ಮಾತು ಮೇಡಂ. ಆ ಕಾಲದ ದೊಡ್ಡ ದೊಡ್ಡ ಹೆಸರುಗಳ ಕೆಲಸದಲ್ಲೆಲ್ಲ ಈ ಕೊರತೆ ಇದೆ. ಚಪ್ಪಡಿ ಎಲ್ಲ ಕಿತ್ತು ಟೈಲ್ಸ್ ಹಾಕಬೇಕಿಲ್ಲ. ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಒಂದು ಪಟ್ಟಿಯಷ್ಟು ಜಾಗದಲ್ಲಿ ಕಲ್ಲನ್ನು ನಯ ಮಾಡಿಸಿ ಸಂದಿ ತುಂಬಿಸಬಹುದು. ಮೆಟ್ಟಿಲ ಪಕ್ಕ 12ಕ್ಕೆ 1ರ ಇಳಿಜಾರಿನಲ್ಲಿ ರ‍್ಯಾಂಪ್. ಅದೇ ಕಲ್ಲಿನಲ್ಲಿ.

ಗಾಲಿಕುರ್ಚಿ:
ರ‍್ಯಾಂಪನ್ನ ಹಿಂದಿನ ಬಾಗಿಲ ಹತ್ತಿರ, ಕಸದ ಡಬ್ಬದ ಪಕ್ಕ ಹಾಕಬೇಡಿ ಅಷ್ಟೇ. ಎಲ್ಲರೂ ಬರುವ ದಾರಿಯಲ್ಲೇ ಹಾಕಿ. ನ್ಯಾಕ್‌ನವರೂ ರ‍್ಯಾಂಪ್ ಇದೆಯಾ ಅಂತ ಕೇಳ್ತಾರೆ, ಅದನ್ನ ನಿಮ್ಮ ಸಮಿತಿಯಲ್ಲಿ ಹೇಳಿ. ಕಾರಂಜಿ ಬಗ್ಗೆ ಕೇಳಲ್ಲ.

ಹೊಂಗೆಮರ:
ಇದು ಸಿಕ್ಕಿತು! ತುಂಬಾ ಥ್ಯಾಂಕ್ಸ್ ಮೇಡಂ. ಕಾರಂಜಿ ದುಡ್ಡಲ್ಲಿ ರ‍್ಯಾಂಪ್ ಅಂದ್ರೆ ಯಾರೂ ಬೇಡ ಅನ್ನಕ್ಕಾಗಲ್ಲ.

ಸಾಬರಮತಿದಂಡೆ:
ಓದಿಗೆ ಅಂತ ಅಹಮದಾಬಾದ್‌ನಲ್ಲಿ ಇದ್ದವನು, ಆ ಕಡೆ ಅನುಭವ ಹೇಳ್ತೀನಿ. ಅಲ್ಲಿನ ಐಐಎಂ ಲೂಯಿ ಕಾನ್ ಅವರದ್ದು, ಪೂರ್ತಿ ಇಟ್ಟಿಗೆ. ನಡುವೆ ದೊಡ್ಡ ಬಯಲು, ಅದಕ್ಕೆ ಕಾನ್ ಹೆಸರೇ ಇಟ್ಟಿದ್ದಾರೆ. ಒಂದು ಕಡೆ ಗ್ರಂಥಾಲಯ, ಅಕ್ಕಪಕ್ಕ ತರಗತಿ, ಕಚೇರಿ. ಹಾಸ್ಟೆಲ್ ಮತ್ತೆ ತರಗತಿಗಳ ನಡುವೆ ಕೆರೆ ಮಾಡಬೇಕು ಅಂತ ಕಾನ್ ನಕ್ಷೆಯಲ್ಲಿತ್ತು, ಆಗಲಿಲ್ಲ.

2020ರ ಡಿಸೆಂಬರ್‌ನಲ್ಲಿ ಅಲ್ಲಿನ 18 ಹಾಸ್ಟೆಲ್ ಕಟ್ಟಡಗಳಲ್ಲಿ 14 ಕೆಡವುತ್ತೇವೆ ಅಂತ ಹೊರಟರು. ಇಟ್ಟಿಗೆ ಉದುರ್ತಿದೆ, ಸೋರ್ತಿದೆ ಅಂತ ಕಾರಣ. ಪ್ರಪಂಚದ ಎಲ್ಲ ಕಡೆಯಿಂದ ವಿರೋಧ ಬಂತು. ಹೊಸ ವರ್ಷದ ದಿನವೇ ತೀರ್ಮಾನ ವಾಪಸ್ ತಗೊಂಡರು. ಆಮೇಲೆ 2022ರಲ್ಲಿ ಮತ್ತೆ ಅದೇ ರಾಗ, ಕೆಡವಿ ಹೊಸದಾಗಿ ಕಟ್ಟುತ್ತೇವೆ ಅಂತ. ಅದೇ ಕ್ಯಾಂಪಸ್ಸಿನ ಗ್ರಂಥಾಲಯವನ್ನ ಚೆನ್ನಾಗಿ ದುರಸ್ತಿ ಮಾಡಿಸಿದ್ದಕ್ಕೆ 2019ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂದಿತ್ತು. ಒಂದೇ ಕಾಲದ, ಒಂದೇ ಕೈಯ ಕೆಲಸ. ಅದಕ್ಕೆ ಪ್ರಶಸ್ತಿ, ಇದಕ್ಕೆ ಗುದ್ದಲಿ.

ಐಐಎಂನಲ್ಲೇ ಹೀಗೆ. ಹೆಸರಿಲ್ಲದ ಜಿಲ್ಲಾ ಕಾಲೇಜಿನ ಅಂಗಳಕ್ಕೆ ಯಾರು ಪತ್ರ ಬರೀತಾರೆ?

ಸುಮ್ನೆಓದುವವ:
ಅಮೆರಿಕದ ಏರ್‌ಫೋರ್ಸ್ ಅಕಾಡೆಮಿಯಲ್ಲೂ ಹೀಗೇ ಆಗಿತ್ತಲ್ವಾ? ಡ್ಯಾನ್ ಕೈಲಿ ಅನ್ನುವವರು ಉದ್ದಕ್ಕೆ ನೀರಿನ ಕೊಳಗಳ ತೋಟ ಮಾಡಿದ್ದರು. ನೋಡಿಕೊಳ್ಳೋದು ಖರ್ಚು ಅಂತ 1970ರ ದಶಕದಲ್ಲಿ ಕೊಳಗಳನ್ನ ಮುಚ್ಚಿ ಹುಲ್ಲು ಹಾಕಿದರು.

ಡ್ರಾಯಿಂಗ್‌ಶೀಟ್:
ಹೌದು, ಏರ್ ಗಾರ್ಡನ್ ಅಂತ. ಅಲ್ಲಿ ನೀರು ತೆಗೆದು ಹುಲ್ಲು, ಇಲ್ಲಿ ಹೊಂಗೆ ಎದುರಿಗೆ ಹೊಸದಾಗಿ ನೀರು.

ಮಾಲಿಮಗ:
ನಮ್ಮಪ್ಪ ಒಂದು ದೊಡ್ಡ ಸಂಸ್ಥೆಯ ಕ್ಯಾಂಪಸ್‌ನಲ್ಲಿ ಮಾಲಿ ಆಗಿದ್ದರು. ರಿಟೈರ್ ಆಗೋವರೆಗೂ ಅಲ್ಲೇ. ಅಲ್ಲೂ ಕಲ್ಲು, ಪರ್ಗೋಲಾ, ಬಳ್ಳಿ.

ನೀವೆಲ್ಲ ಆರ್ಕಿಟೆಕ್ಟ್ ಹೆಸರು ಹೇಳ್ತೀರಿ. ಆ ಬಳ್ಳಿ ಪರ್ಗೋಲಾ ಮೇಲೆ ಎಷ್ಟು ಇರಬೇಕು ಅಂತ ಪ್ರತಿ ವರ್ಷ ತೀರ್ಮಾನ ಮಾಡ್ತಿದ್ದದ್ದು ನಮ್ಮಪ್ಪ. ಮಳೆಗಾಲ ಶುರುವಾಗೋ ಮೊದಲು ಏಣಿ ಹಾಕಿ ಹತ್ತುತ್ತಿದ್ದರು. ಒಣಗಿದ ಕಡ್ಡಿ ಎಲ್ಲ ಕತ್ತರಿಸಿ ಕೆಳಗೆ ಹಾಕೋದು, ಹಸಿರಿನಲ್ಲೂ ಅರ್ಧ ತೆಗೆಯೋದು. ಪೂರ್ತಿ ಬಿಟ್ಟರೆ ಒದ್ದೆ ಬಳ್ಳಿಯ ಭಾರ ಎಷ್ಟಿರ್ತದೆ ಅಂತ ಅದನ್ನ ಹೊತ್ತವರಿಗೆ ಗೊತ್ತು. ಬೇಸಿಗೆಯಲ್ಲಿ ಮಾತ್ರ ಕತ್ತರಿ ಮುಟ್ಟುತ್ತಿರಲಿಲ್ಲ, ಕೆಳಗೆ ಓದುವ ಮಕ್ಕಳಿಗೆ ನೆರಳು ಬೇಕು ಅಂತ. ಇದನ್ನ ಯಾರೂ ಅವರಿಗೆ ಬರೆದು ಕೊಟ್ಟಿರಲಿಲ್ಲ.

ಅವರು ರಿಟೈರ್ ಆದ ಮೇಲೆ ಮಾಲಿ ಕೆಲಸ ಎಲ್ಲ ಏಜೆನ್ಸಿಗೆ ಹೋಯಿತು. ಇವತ್ತು ಒಬ್ಬ ಹುಡುಗ, ನಾಳೆ ಇನ್ನೊಬ್ಬ. ಅವರಿಗೆ ಗೊತ್ತಿರೋದು ಎರಡೇ, ಹುಲ್ಲು ಕತ್ತರಿಸೋ ಮಷಿನ್ನು, ಕುಂಡಕ್ಕೆ ಕೆಂಪು ಬಣ್ಣ. ಬಳ್ಳಿ ಒಂದು ಬದಿ ಒಣಗಿ ನೇತಾಡಿತು, ಕಸ ಬೀಳ್ತದೆ ಅಂತ ದೂರು ಬಂತು, ಬುಡಕ್ಕೇ ಕತ್ತರಿಸಿದರು. ಆಮೇಲೆ ಬಿಸಿಲು ಜಾಸ್ತಿ ಅಂತ ಶೀಟ್ ಹಾಕಿದರು. ಅಪ್ಪನಿಗೆ ಇದನ್ನ ನಾನು ಹೇಳಿಲ್ಲ.

ತೊಟ್ಟಿಮನೆ:
ಶೀಟ್ ಯಾಕೆ ಬರ್ತದೆ ಅನ್ನೋದಕ್ಕೆ ಇದಕ್ಕಿಂತ ಸರಿಯಾದ ಉತ್ತರ ಇಲ್ಲ. ಹೊಂಗೆಮರ ಅವರೇ, ನಿಮ್ಮ ಪರ್ಗೋಲಾ ಮೇಲೆ ಹಿಂದೆ ಬಳ್ಳಿ ಇತ್ತಾ? ಹಳಬರನ್ನ ಕೇಳಿ ನೋಡಿ.

ಹೊಂಗೆಮರ:
ಕೇಳಿದೆ! ನಮ್ಮ ಅಟೆಂಡರ್ ಅಣ್ಣ ಮೊದಲಿಂದ ಇರುವವರು. "ಇತ್ತು ಸಾರ್, ಕೆಂಪು ಬೋಗನ್‌ವಿಲ್ಲಾ, ಮುಳ್ಳು ಚುಚ್ಚುತ್ತೆ ಅಂತ ತೆಗೆಸಿದರು" ಅಂದರು. ತೊಲೆಗಳ ಕೆಳಗೆ ಕಲ್ಲಿನ ಪೆಟ್ಟಿಗೆ ಹಾಗೆ ಇದೆಯಲ್ಲ, ಅದು ಗಿಡದ ಜಾಗ ಅಂತ ನನಗೆ ಗೊತ್ತೇ ಇರಲಿಲ್ಲ. ಈಗ ಅದರ ತುಂಬ ಹಳೇ ಉತ್ತರಪತ್ರಿಕೆಯ ಗಂಟುಗಳಿವೆ.

ಇವತ್ತು ಸಮಿತಿ ಸಭೆ ಆಯಿತು. ಪೇಂಟ್ ಕೈಬಿಟ್ಟರು (ಗಾರೆಕರಣೆ ಅಣ್ಣನ ಮಾತನ್ನ ಅಕ್ಷರ ಬಿಡದೆ ಓದಿದೆ). ಕಾರಂಜಿ ಬದಲು ರ‍್ಯಾಂಪ್, ಅದಕ್ಕೂ ಒಪ್ಪಿದರು. ಇಂಟರ್‌ಲಾಕ್ ಬೈಕ್ ನಿಲ್ಲಿಸೋ ಕಡೆಗೆ ಮಾತ್ರ. ಶೀಟ್ ಮಾತ್ರ ಬಿಡ್ತಿಲ್ಲ. ಮಳೆ ಬಂದ್ರೆ ಮೆಟ್ಟಿಲ ಹತ್ತಿರ ನೀರು ನಿಂತು ಕಾರಿಡಾರಿಗೇ ನುಗ್ಗುತ್ತೆ, ಅದಕ್ಕೇ ಶೀಟ್ ಬೇಕು ಅಂತ ಹಿರಿಯರೊಬ್ಬರ ವಾದ. ನೀರು ನಿಲ್ಲೋದು ನಿಜ. ನಾನೇ ಪ್ಯಾಂಟ್ ಮಡಚಿ ದಾಟಿದ್ದೇನೆ.

ಲೆಕ್ಕದಪುಸ್ತಕ:
ನಾನು ಆಗಲೇ ಹೇಳಿದ್ದೆ, ಮಳೆ ಮಳೆನೇ.

ಗಾರೆಕರಣೆ:
ಸಾರ್, ನೀರು ನಿಂತರೆ ಚರಂಡಿ ನೋಡಬೇಕು, ಆಕಾಶಕ್ಕೆ ಮುಚ್ಚಳ ಹಾಕೋದಲ್ಲ. ಶೀಟ್ ಹಾಕಿದ್ರೂ ಅದರ ನೀರು ಎಲ್ಲಾದರೂ ಒಂದು ಕಡೆ ಇಳಿಯಲೇಬೇಕು, ಇಳಿಯೋದು ಅದೇ ಅಂಗಳಕ್ಕೆ.

ಆ ಕಾಲದಲ್ಲಿ ಕಟ್ಟಿದವರು ಅಂಗಳದ ನೀರಿಗೆ ದಾರಿ ಬಿಡದೇ ಇರಲ್ಲ. ಮೆಟ್ಟಿಲ ಬುಡದಲ್ಲಿ ಎಲ್ಲೋ ಒಂದು ತೂತಿನ ಕಲ್ಲು ಇರ್ತದೆ, ಮಣ್ಣು ಎಲೆ ತುಂಬಿ ಮುಚ್ಚಿಹೋಗಿರ್ತದೆ. ಅಥವಾ ಯಾರೋ ಆಮೇಲೆ ಚಪ್ಪಡಿ ಎಬ್ಬಿಸಿ ಕೇಬಲ್ ಎಳೆದು ಸರಿಯಾಗಿ ಕೂರಿಸಿರಲ್ಲ, ಇಳಿಜಾರು ಉಲ್ಟಾ ಆಗಿರ್ತದೆ. ಮೊದಲು ಅದನ್ನ ಹುಡುಕಿ.

ಹೊಂಗೆಮರ:
ಕೇಬಲ್! ಎರಡು ವರ್ಷದ ಹಿಂದೆ ಸಿಸಿಟಿವಿಗೆ ಅಂತ ಅಗೆದಿದ್ದರು. ಇಳಿಜಾರು ಉಲ್ಟಾ ಆಗಿದೆಯಾ ಅಂತ ನೋಡೋದು ಹೇಗೆ? ಎಂಜಿನಿಯರ್ ಕರೆಸಕ್ಕೆ ಮತ್ತೆ ಮಂಜೂರಾತಿ ಬೇಕು.

ಗಾರೆಕರಣೆ:
ಮಂಜೂರಾತಿ ಯಾಕೆ, ನೀರಿನ ಟ್ಯೂಬ್ ಸಾಕು. ಒಳಗಿನದು ಕಾಣೋ ಅಂಥ ಪ್ಲಾಸ್ಟಿಕ್ ಪೈಪು, ಹಾರ್ಡ್‌ವೇರ್ ಅಂಗಡಿಯಲ್ಲಿ ಲೆವೆಲ್ ಪೈಪ್ ಅಂದ್ರೆ ಕೊಡ್ತಾರೆ. ನೀರು ತುಂಬಿಸಿ ಒಬ್ಬರು ಈ ತುದಿ ಹಿಡೀರಿ, ಒಬ್ಬರು ಆ ತುದಿ. ಎರಡು ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ತದೆ. ಅಲ್ಲಿಂದ ನೆಲಕ್ಕೆ ಟೇಪ್ ಹಿಡಿದು ಅಳೀರಿ. ಎಲ್ಲಿ ಅಳತೆ ಜಾಸ್ತಿ ಬರ್ತದೋ ಅದು ತಗ್ಗು.

ಹೊಂಗೆಮರ:
ಪೈಪ್ ಎಷ್ಟು ಉದ್ದ ತರಲಿ ಅಣ್ಣ?

ಗಾರೆಕರಣೆ:
ಅಂಗಳದ ಉದ್ದಕ್ಕಿಂತ ಹತ್ತಡಿ ಜಾಸ್ತಿ ಇರಲಿ. ಒಳಗೆ ಗಾಳಿ ಗುಳ್ಳೆ ಇರಬಾರದು, ಇದ್ರೆ ಲೆಕ್ಕ ತಪ್ಪುತ್ತೆ.